ಪೆಟ್ರೋಲ್ ತೆರಿಗೆ ಕರಗುತ್ತಿದೆ, ರಸ್ತೆ ರಿಪೇರಿಗೆ ದುಡ್ಡು ಎಲ್ಲಿಂದ? ದಾರಿಗಳ ಹೋಲಿಕೆ

ಪೆಟ್ರೋಲ್ ತೆರಿಗೆಯನ್ನು ಯಾರೂ ಖುಷಿಯಿಂದ ಕಟ್ಟಿಲ್ಲ. ಆದರೂ ರಸ್ತೆಗೆ ದುಡ್ಡು ಕೂಡಿಸಲು ಅದರಷ್ಟು ಸಲೀಸಾದ ದಾರಿ ಇನ್ನೊಂದು ಸಿಕ್ಕಿಲ್ಲ. ಜಾಸ್ತಿ ಓಡಿಸುವವರು ಜಾಸ್ತಿ ಪೆಟ್ರೋಲ್ ಹಾಕಿಸುತ್ತಾರೆ, ಜಾಸ್ತಿ ತೆರಿಗೆ ಕಟ್ಟುತ್ತಾರೆ. ಭಾರದ ಗಾಡಿಗೆ ಇಂಧನ ಜಾಸ್ತಿ ಬೇಕು, ಅದರ ಪಾಲೂ ಜಾಸ್ತಿ. ದೊಡ್ಡ ಬಿಲ್ಲು ಒಂದೇ ಸಲ ಬಂದು ಎದೆ ಮೇಲೆ ಕೂರುವುದಿಲ್ಲ. ಟ್ಯಾಂಕ್ ತುಂಬಿಸಿದಾಗೆಲ್ಲ ಚೂರು ಚೂರು ಹೋಗುತ್ತದೆ. ಸರ್ಕಾರಕ್ಕೂ ಅನುಕೂಲ. ಕೋಟಿಗಟ್ಟಲೆ ಚಾಲಕರ ಬೆನ್ನು ಹತ್ತಬೇಕಾಗಿಲ್ಲ, ಕೆಲವೇ ತೈಲ ಕಂಪನಿಗಳಿಂದ ವಸೂಲಿ ಮಾಡಿದರೆ ಮುಗಿಯಿತು. ಅಮೆರಿಕದ ಒರೆಗಾನ್ ರಾಜ್ಯ 1919ರಲ್ಲಿ ಗ್ಯಾಲನ್‌ಗೆ (ಸುಮಾರು 3.8 ಲೀಟರ್) 1 ಸೆಂಟ್ ಹಾಕಿ, ರಸ್ತೆಗೆಂದೇ ಇದನ್ನು ಶುರು ಮಾಡಿತು. 1929ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳೂ ಅದೇ ಹಾದಿ ಹಿಡಿದಿದ್ದವು.

ಎಲೆಕ್ಟ್ರಿಕ್ ಕಾರು (ಇವಿ) ಬಂಕಿಗೆ ಬರುವುದಿಲ್ಲ. ಹಾಗಾಗಿ ಈ ತೆರಿಗೆಯನ್ನೂ ಕಟ್ಟುವುದಿಲ್ಲ. ಆದರೆ ಓಡುವುದು ಅದೇ ರಸ್ತೆಯ ಮೇಲೆ ಅಲ್ವಾ? ಇಲ್ಲಿಂದಲೇ ಜಗಳ ಶುರುವಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಸ್ತೆಯ ದುಡ್ಡು ಬರಿದಾಗಿದ್ದಕ್ಕೆ ಇವಿಗಳನ್ನೇ ಬೈಯುವುದು ನ್ಯಾಯವಲ್ಲ. ಅಮೆರಿಕದ ಕೇಂದ್ರ ಸರ್ಕಾರ ಪೆಟ್ರೋಲ್ ತೆರಿಗೆಯನ್ನು 1993ರಿಂದ ಏರಿಸಿಯೇ ಇಲ್ಲ. ಗ್ಯಾಲನ್‌ಗೆ 18.4 ಸೆಂಟ್, ಅಷ್ಟೇ. ಡಾಂಬರಿನ ಬೆಲೆ, ಕೂಲಿ, ಯಂತ್ರಗಳ ಬಾಡಿಗೆ ಎಲ್ಲ ಏರಿದವು, ತೆರಿಗೆ ನಿಂತಲ್ಲೇ ನಿಂತಿತು. 2008ರಿಂದ ಅಲ್ಲಿನ ಹೆದ್ದಾರಿ ನಿಧಿಗೆ ಸಾಮಾನ್ಯ ಖಜಾನೆಯಿಂದ ಮತ್ತೆ ಮತ್ತೆ ದುಡ್ಡು ಸುರಿಯಬೇಕಾಗಿದೆ. ಆಗ ರಸ್ತೆಯ ಮೇಲೆ ಇವಿ ಇದ್ದದ್ದೇ ಅಪರೂಪ. ಬ್ರಿಟನ್ ಕೂಡ 2011ರಿಂದ ಇಂಧನ ಸುಂಕವನ್ನು ಏರಿಸದೆ, 2022ರಲ್ಲಿ ಲೀಟರಿಗೆ 5 ಪೆನ್ಸ್ ಇಳಿಸಿತು. ಇದರ ಜೊತೆಗೆ ಕಾರುಗಳ ಮೈಲೇಜ್ ಹೆಚ್ಚಿತು, ಪೆಟ್ರೋಲ್ ಜೊತೆ ಬ್ಯಾಟರಿಯನ್ನೂ ಬಳಸುವ ಹೈಬ್ರಿಡ್‌ಗಳು ಬಂದವು. ಸೋರುತ್ತಿದ್ದ ಮಡಕೆಗೆ ಇವಿ ಇನ್ನೊಂದು ತೂತು ಮಾಡಿದೆ, ನಿಜ. ಆದರೆ ಮಡಕೆ ಮೊದಲೇ ಸೋರುತ್ತಿತ್ತು.

ರಸ್ತೆಯನ್ನು ಕೆಡಿಸುವುದು ಯಾರು?

ಯಾವ ತೆರಿಗೆ ನ್ಯಾಯ ಅಂತ ಕೇಳುವ ಮೊದಲು ಇದು ಗೊತ್ತಿರಬೇಕು. ಇದನ್ನು ಬಿಟ್ಟು ಮಾಡುವ ಚರ್ಚೆ ಎಲ್ಲೆಲ್ಲೋ ಹೋಗುತ್ತದೆ.

1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆ ಕಟ್ಟಿ, ಅದರ ಮೇಲೆ ಬೇರೆ ಬೇರೆ ಭಾರದ ಲಾರಿಗಳನ್ನು ಎರಡು ವರ್ಷ ಸುತ್ತಿಸಿದರು. ಆಶೋ ರಸ್ತೆ ಪರೀಕ್ಷೆ ಅಂತ ಅದರ ಹೆಸರು. ಅದರಿಂದ ಹೊರಬಂದ ಲೆಕ್ಕವನ್ನು ರಸ್ತೆ ಇಂಜಿನಿಯರುಗಳು ಇವತ್ತಿಗೂ ಬಳಸುತ್ತಾರೆ: ಆಕ್ಸೆಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಹತ್ತಿರ ಹತ್ತಿರ ಹದಿನಾರು ಪಟ್ಟು. ಅಂದರೆ ಭಾರದ ನಾಲ್ಕನೇ ಘಾತ (2×2×2×2). ಎಲ್ಲ ರಸ್ತೆಗೂ ಇದು ಚಾಚೂ ತಪ್ಪದೆ ಹೊಂದುವುದಿಲ್ಲ. ಆದರೆ ಯಾರ ಪೆಟ್ಟು ದೊಡ್ಡದು ಅಂತ ತಿಳಿಯಲು ಸಾಕು.

ಇವಿ ಕಾರು ಬ್ಯಾಟರಿಯಿಂದಾಗಿ ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಶೇ. 25ರಷ್ಟು ಭಾರ ಇದೆ ಅಂದುಕೊಳ್ಳಿ. ನಾಲ್ಕನೇ ಘಾತ ಹಾಕಿದರೆ ಪೆಟ್ಟು ಸುಮಾರು 2.4 ಪಟ್ಟು. ಕೇಳಲು ದೊಡ್ಡದೇ. ಈಗ ಲಾರಿಯನ್ನು ನೋಡಿ. ಕಾರಿನ ಒಂದು ಆಕ್ಸೆಲ್ ಮೇಲೆ 1 ಟನ್, ತುಂಬಿದ ಲಾರಿಯ ಒಂದು ಆಕ್ಸೆಲ್ ಮೇಲೆ 10 ಟನ್ ಇದ್ದರೆ, ಪೆಟ್ಟು 10,000 ಪಟ್ಟು! ಇದರ ಮುಂದೆ ಪೆಟ್ರೋಲ್ ಕಾರಿಗೂ ಇವಿ ಕಾರಿಗೂ ಇರುವ ವ್ಯತ್ಯಾಸ ಎಷ್ಟು? ಸಾಸಿವೆ ಕಾಳಿನ ಎರಡೂವರೆ ಪಟ್ಟು ಕೂಡ ಸಾಸಿವೆಯಷ್ಟೇ. "ಇವಿ ಭಾರ, ಅದಕ್ಕೇ ರಸ್ತೆ ಗುಂಡಿ ಬೀಳುತ್ತಿದೆ" ಅನ್ನುವ ಮಾತು ಕೇಳಿದಾಗ ಈ ಲೆಕ್ಕ ನೆನಪಿರಲಿ.

ಉಳಿದ ಹಾನಿಯಲ್ಲಿ ದೊಡ್ಡ ಪಾಲು ನೀರಿನದು. ಬಿರುಕಿನಿಂದ ಒಳಗಿಳಿದ ನೀರು ತಳದ ಜಲ್ಲಿಯನ್ನು ಸಡಿಲ ಮಾಡುತ್ತದೆ. ಆಮೇಲೆ ಚಕ್ರ ಹಾದಾಗೆಲ್ಲ ಡಾಂಬರು ಕಿತ್ತು ಬರುತ್ತದೆ. ಯಾರೂ ಓಡಾಡದ ರಸ್ತೆಯೂ ಬಿಸಿಲು ಮಳೆಗೆ ಹಾಳಾಗುತ್ತದೆ. ಸೇತುವೆ, ಚರಂಡಿ, ದೀಪ, ಫಲಕ ಇವುಗಳ ಖರ್ಚು ಎಷ್ಟು ಗಾಡಿ ಓಡಿದರೂ ಇದ್ದೇ ಇರುತ್ತದೆ.

ಹಾಗಾಗಿ ನನ್ನ ಮನಸ್ಸಿನಲ್ಲಿ ಎರಡು ಬೇರೆ ಲೆಕ್ಕಗಳಿವೆ. ಒಂದು ಸವೆತದ ಲೆಕ್ಕ. ಅದನ್ನು ಭಾರದ ಗಾಡಿಗಳು ಕೊಡಬೇಕು. ಇನ್ನೊಂದು ರಸ್ತೆ ಇದೆ ಅನ್ನುವುದರ ಲೆಕ್ಕ. ಅದನ್ನು ಬಳಸುವ ಎಲ್ಲರೂ ಹಂಚಿಕೊಳ್ಳಬೇಕು. ಇವಿ ಕಾರಿನವರು ಪಾಲು ಕೊಡಬೇಕು ಅಂತ ನಾನು ಹೇಳುವುದು ಈ ಎರಡನೇ ಕಾರಣಕ್ಕೆ. ಈಗ ಒಂದೊಂದು ದಾರಿಯನ್ನೂ ಈ ಲೆಕ್ಕಗಳ ಪಕ್ಕ ಇಟ್ಟು ನೋಡೋಣ.

ವರ್ಷಕ್ಕೊಂದು ಶುಲ್ಕ

ಸರ್ಕಾರಗಳಿಗೆ ಬಲು ಇಷ್ಟದ ದಾರಿ ಇದು. ನೋಂದಣಿ ನವೀಕರಿಸುವಾಗ ಇವಿಗೆ ಇಷ್ಟು ಅಂತ ಕಟ್ಟಿಸಿಕೊಂಡರೆ ಆಯಿತು. ಹೊಸ ಯಂತ್ರ ಬೇಡ, ಹೊಸ ಕಚೇರಿ ಬೇಡ, ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಆದರೆ ನ್ಯಾಯ? ಟೆಕ್ಸಸ್ ರಾಜ್ಯವನ್ನೇ ನೋಡಿ. ಅಲ್ಲಿ 2023ರ ಸೆಪ್ಟೆಂಬರ್‌ನಿಂದ ಇವಿಗೆ ವರ್ಷಕ್ಕೆ 200 ಡಾಲರ್. ಅಲ್ಲಿನ ರಾಜ್ಯ ಪೆಟ್ರೋಲ್ ತೆರಿಗೆ ಗ್ಯಾಲನ್‌ಗೆ 20 ಸೆಂಟ್. ಗ್ಯಾಲನ್‌ಗೆ 25 ಮೈಲಿ ಕೊಡುವ ಪೆಟ್ರೋಲ್ ಕಾರನ್ನು ವರ್ಷಕ್ಕೆ 12,000 ಮೈಲಿ ಓಡಿಸಿದರೆ ರಾಜ್ಯಕ್ಕೆ ಹೋಗುವುದು 96 ಡಾಲರ್. ಅಷ್ಟೇ ಓಡಿದ ಇವಿ ಅದರ ಎರಡು ಪಟ್ಟಿಗಿಂತ ಜಾಸ್ತಿ ಕಟ್ಟುತ್ತದೆ. 200 ಡಾಲರ್‌ಗೆ ಸಮ ಆಗಬೇಕಾದರೆ ಪೆಟ್ರೋಲ್ ಕಾರು 25,000 ಮೈಲಿ, ಅಂದರೆ ಸುಮಾರು 40,000 ಕಿ.ಮೀ. ಓಡಬೇಕು. ವಾರಕ್ಕೊಮ್ಮೆ ಆಸ್ಪತ್ರೆಗೋ ಸಂತೆಗೋ ಹೋಗಿಬರುವ ಹಿರಿಯರ ಇವಿಗೂ ಅದೇ 200, ದಿನಕ್ಕೆ ಇನ್ನೂರು ಕಿ.ಮೀ. ಓಡುವ ಟ್ಯಾಕ್ಸಿಗೂ ಅದೇ 200.

ಮೊತ್ತ ಚಿಕ್ಕದಿದ್ದು, ಬೇರೊಂದು ಶುಲ್ಕದ ಜೊತೆಗೆ ಇದ್ದರೆ ನನ್ನ ತಕರಾರಿಲ್ಲ. ರಸ್ತೆ ಇದೆ ಅನ್ನುವ ಖರ್ಚಿಗೆ ಅದು ಹೊಂದುತ್ತದೆ. ಇಡೀ ಹೊರೆಯನ್ನು ಇದರ ಮೇಲೇ ಹಾಕುವುದು ಬೇಡ.

ಚಾರ್ಜಿಂಗ್ ಮೇಲೆ ತೆರಿಗೆ

ಮೊದಲ ನೋಟಕ್ಕೆ ಇದು ಪೆಟ್ರೋಲ್ ತೆರಿಗೆಯ ತಮ್ಮನಂತೆ ಕಾಣುತ್ತದೆ. ಐಯೋವಾ ರಾಜ್ಯ 2023ರ ಜುಲೈನಿಂದ ಯೂನಿಟ್‌ಗೆ 2.6 ಸೆಂಟ್, ಕೆಂಟಕಿ 2024ರ ಜನವರಿಯಿಂದ 3 ಸೆಂಟ್ ಹಾಕಿವೆ. ಜಾಸ್ತಿ ಓಡಿದರೆ ಜಾಸ್ತಿ ಚಾರ್ಜ್, ಜಾಸ್ತಿ ಚಾರ್ಜ್ ಆದರೆ ಜಾಸ್ತಿ ತೆರಿಗೆ. ಸರಿ ಅಲ್ವಾ?

ತೊಡಕು ಇರುವುದು ಮನೆಯಲ್ಲಿ. ಪೆಟ್ರೋಲನ್ನು ಯಾರೂ ಮನೆಯಲ್ಲಿ ತೆಗೆಯುವುದಿಲ್ಲ, ಕರೆಂಟ್ ಮನೆಯಲ್ಲೇ ಸಿಗುತ್ತದೆ. ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್ನಿನ ಮೇಲೆ ಮಾತ್ರ ತೆರಿಗೆ ಹಾಕಿದರೆ, ಸ್ವಂತ ಮನೆ, ಸ್ವಂತ ಗ್ಯಾರೇಜು, ಚಾವಣಿಯ ಮೇಲೆ ಸೋಲಾರ್ ಇರುವವರು ಪೂರ್ತಿ ತಪ್ಪಿಸಿಕೊಳ್ಳುತ್ತಾರೆ. ಬಾಡಿಗೆ ಮನೆಯಲ್ಲಿದ್ದು ಬೀದಿಯಲ್ಲಿ ಗಾಡಿ ನಿಲ್ಲಿಸುವವರಿಗೆ ಆ ದಾರಿ ಇಲ್ಲ. ಅವರು ಸ್ಟೇಷನ್ನಿನಲ್ಲಿ ಮೊದಲೇ ದುಬಾರಿ ದರ ಕೊಡುತ್ತಿರುತ್ತಾರೆ, ಅದರ ಮೇಲೆ ರಸ್ತೆ ತೆರಿಗೆಯೂ ಬೀಳುತ್ತದೆ. ಉಳ್ಳವರನ್ನು ಬಿಟ್ಟು ಇಲ್ಲದವರನ್ನು ಹಿಡಿಯುವ ತೆರಿಗೆ ಇದು. ಮನೆಯ ಚಾರ್ಜಿಂಗನ್ನೂ ಹಿಡಿಯಬೇಕು ಅಂದರೆ ಪ್ರತಿ ಮನೆಗೂ ಬೇರೆ ಮೀಟರ್ ಬೇಕು. ಮಾಮೂಲಿ ಪ್ಲಗ್ಗಿಗೆ ರಾತ್ರಿ ವೈರ್ ಚುಚ್ಚಿದರೆ ಯಾವ ಮೀಟರಿಗೂ ಅದು ಕಾರೋ ಗೀಸರೋ ಗೊತ್ತಾಗುವುದಿಲ್ಲ. ನಾನು ಇದನ್ನು ಪಟ್ಟಿಯ ಕೆಳಗೆ ಇಡುತ್ತೇನೆ.

ಓಡಿದ ಕಿಲೋಮೀಟರ್‌ಗೆ ಇಷ್ಟು

ಬಹಳ ಕಡೆ ಈಗ ಜನ ಈ ದಾರಿಯ ಕಡೆ ನೋಡುತ್ತಿದ್ದಾರೆ. ಎಲ್ಲರೂ ಒಂದೇ ರೀತಿಯಲ್ಲಿ ಮಾಡುತ್ತಿಲ್ಲ. ಮಾಡುವ ರೀತಿಯಲ್ಲೇ ನ್ಯಾಯ ಅನ್ಯಾಯ ಎರಡೂ ಅಡಗಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಈ ವಿಷಯದಲ್ಲಿ ಹಳೆಯ ಅನುಭವ ಇರುವುದು ನ್ಯೂಜಿಲೆಂಡಿಗೆ. 1978ರಿಂದಲೇ ಅಲ್ಲಿ ಡೀಸೆಲ್ ಗಾಡಿಗಳು ಓಡಿದ ದೂರಕ್ಕೆ ಕಟ್ಟುತ್ತವೆ. ಡೀಸೆಲ್ಲನ್ನು ಟ್ರ್ಯಾಕ್ಟರು, ದೋಣಿಗಳಿಗೂ ಬಳಸುವುದರಿಂದ ಬಂಕಿನಲ್ಲಿ ರಸ್ತೆ ತೆರಿಗೆ ಹಾಕುವುದು ಸರಿಯಲ್ಲ ಅಂತ ಈ ಏರ್ಪಾಡು. ಪದ್ಧತಿ ಸರಳ. 1,000 ಕಿ.ಮೀ. ಲೆಕ್ಕದಲ್ಲಿ ಮುಂಗಡವಾಗಿ ಕೊಂಡುಕೊಳ್ಳಬೇಕು. ಗಾಡಿಯ ಕಿ.ಮೀ. ಮೀಟರ್ ಎಷ್ಟು ತೋರಿಸುವವರೆಗೆ ಓಡಿಸಬಹುದು ಅನ್ನುವ ಚೀಟಿಯನ್ನು ಗಾಜಿಗೆ ಅಂಟಿಸಬೇಕು. 2024ರ ಏಪ್ರಿಲ್ 1ರಿಂದ ಇವಿಗಳೂ ಇದಕ್ಕೆ ಸೇರಿದವು. 1,000 ಕಿ.ಮೀ.ಗೆ 76 ನ್ಯೂಜಿಲೆಂಡ್ ಡಾಲರ್. ಪ್ಲಗ್‌ಗೆ ಹಾಕಿ ಚಾರ್ಜ್ ಮಾಡಬಹುದಾದ ಪ್ಲಗ್-ಇನ್ ಹೈಬ್ರಿಡ್‌ಗಳು ಪೆಟ್ರೋಲ್ ತೆರಿಗೆಯನ್ನೂ ಕಟ್ಟುವುದರಿಂದ ಅವಕ್ಕೆ ಅರ್ಧ, 38 ಡಾಲರ್.

ಇಲ್ಲೊಂದು ಸೂಕ್ಷ್ಮ ಇದೆ. ಪೆಟ್ರೋಲ್ ಮೇಲಿನ ರಸ್ತೆ ತೆರಿಗೆ ಅಲ್ಲಿ ಲೀಟರಿಗೆ ಸುಮಾರು 70 ಸೆಂಟ್. 100 ಕಿ.ಮೀ.ಗೆ 4 ಲೀಟರ್ ಸಾಕಾಗುವ, ಪ್ಲಗ್ ಇಲ್ಲದ ಮಾಮೂಲಿ ಹೈಬ್ರಿಡ್ ಕಾರು 1,000 ಕಿ.ಮೀ.ಗೆ ಕಟ್ಟುವುದು 30 ಡಾಲರಿನ ಆಸುಪಾಸು. 10 ಲೀಟರ್ ಬೇಡುವ ಹಳೆಯ ಕಾರು ಕಟ್ಟುವುದು 70ರ ಮೇಲೆ. ಅಂದರೆ ಹೊಗೆ ಬಿಡದ ಇವಿ ಹಳೆಯ ಕಾರಿನ ಸಾಲಿನಲ್ಲಿ ನಿಂತಿತು, ಹೈಬ್ರಿಡ್ ಎಲ್ಲರಿಗಿಂತ ಕಡಿಮೆ ಕೊಟ್ಟು ಹೊರಟಿತು. ಇವಿ ಮಾಲೀಕರಿಗೆ ಬೇಸರ ಆಗಿದ್ದು ಸಹಜ. ಕಿಲೋಮೀಟರ್ ಶುಲ್ಕವನ್ನು ಇವಿಗೆ ಮಾತ್ರ ಹಾಕಿ, ಉಳಿದವರನ್ನು ಪೆಟ್ರೋಲ್ ತೆರಿಗೆಯಲ್ಲೇ ಬಿಟ್ಟರೆ ಎಲ್ಲಿ ಹಾಕಿದರೂ ಹೀಗೇ ಆಗುತ್ತದೆ. ಪೆಟ್ರೋಲ್ ಕಾರುಗಳನ್ನೂ ಇದೇ ಪದ್ಧತಿಗೆ ತರುವ ಯೋಜನೆಯನ್ನು ನ್ಯೂಜಿಲೆಂಡ್ ಸರ್ಕಾರ ಪ್ರಕಟಿಸಿದೆ. ಅದೇ ಸರಿಯಾದ ದಿಕ್ಕು.

ಐಸ್‌ಲ್ಯಾಂಡ್ 2024ರ ಜನವರಿಯಿಂದ ಇವಿಗೆ ಕಿ.ಮೀ.ಗೆ 6 ಕ್ರೋನಾ, ಪ್ಲಗ್-ಇನ್ ಹೈಬ್ರಿಡ್‌ಗೆ 2 ಕ್ರೋನಾ ಹಾಕಿತು. ಮಾಲೀಕರೇ ಮೀಟರ್ ನೋಡಿ ಆನ್‌ಲೈನ್‌ನಲ್ಲಿ ನಮೂದಿಸುತ್ತಾರೆ. ಅಂದಾಜಿನ ಮೇಲೆ ತಿಂಗಳು ತಿಂಗಳು ಬಿಲ್ಲು ಬರುತ್ತದೆ. ಈ ತಿಂಗಳ ಕಂತು ನನಗೆ ತುಂಬಾ ಹಿಡಿಸಿತು. ಬಡವರಿಗೆ ಕಷ್ಟ ಆಗುವುದು ಮೊತ್ತಕ್ಕಿಂತ, ಅದು ಒಟ್ಟಿಗೆ ಬಂದಾಗ.

ಹವಾಯಿಯಲ್ಲಿ 2025ರ ಜುಲೈನಿಂದ ಇವಿಗೆ 1,000 ಮೈಲಿಗೆ 8 ಡಾಲರ್, ಬೇಡ ಅಂದರೆ ವರ್ಷಕ್ಕೆ 50 ಡಾಲರ್. ಗಾಡಿಯ ವಾರ್ಷಿಕ ತಪಾಸಣೆಯಲ್ಲಿ ಮೀಟರ್ ಹೇಗೂ ಓದುತ್ತಾರೆ, ಅದೇ ಅಂಕಿ ಸಾಕು. ಯೂಟಾ ರಾಜ್ಯದಲ್ಲಿ ಮೈಲಿ ಲೆಕ್ಕ ಆರಿಸಿಕೊಂಡವರ ಬಿಲ್ಲು ವಾರ್ಷಿಕ ಶುಲ್ಕವನ್ನು ಮೀರುವುದಿಲ್ಲ. ಹೊಸ ಪದ್ಧತಿಗೆ ಜನ ಹೆದರದೆ ಬರಲು ಇಂಥ ಮಿತಿ ಒಳ್ಳೆಯದು. ಆದರೆ ಶಾಶ್ವತವಾಗಿ ಇಟ್ಟರೆ ಜಾಸ್ತಿ ಓಡುವವರಿಗೆ ಅದು ರಿಯಾಯಿತಿ ಆಗಿಬಿಡುತ್ತದೆ. ಬ್ರಿಟನ್ 2028ರ ಏಪ್ರಿಲ್‌ನಿಂದ ಇವಿಗೆ ಮೈಲಿಗೆ 3 ಪೆನ್ಸ್, ಪ್ಲಗ್-ಇನ್ ಹೈಬ್ರಿಡ್‌ಗೆ 1.5 ಪೆನ್ಸ್ ಹಾಕುವುದಾಗಿ 2025ರ ನವೆಂಬರ್ ಬಜೆಟ್‌ನಲ್ಲಿ ಹೇಳಿದೆ.

ಜನರಿಗೆ ಇದರಲ್ಲಿ ಎರಡು ಭಯ ಇವೆ. ಮೊದಲನೆಯದು, "ನಾನು ಎಲ್ಲಿ ಹೋಗುತ್ತೇನೆ ಅಂತ ಸರ್ಕಾರ ನೋಡುತ್ತಾ ಕೂರುತ್ತದೆ" ಅನ್ನುವುದು. ಈ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಮೀಟರ್ ಓದಲು ಜಿಪಿಎಸ್ ಬೇಡವೇ ಬೇಡ. 2015ರ ಜುಲೈನಲ್ಲಿ ಒರೆಗಾನ್ ಶುರು ಮಾಡಿದ ಸ್ವಯಂಪ್ರೇರಿತ ಯೋಜನೆಯಲ್ಲಿ ಜಾಗ ಗುರುತಿಸುವ ಸಾಧನವೂ ಇದೆ, ಗುರುತಿಸದ್ದೂ ಇದೆ. ಯಾವುದು ಬೇಕೋ ಆರಿಸಿಕೊಳ್ಳಬಹುದು. ಲೆಕ್ಕ ಚುಕ್ತಾ ಆದ ಮೇಲೆ ಓಡಾಟದ ವಿವರವನ್ನು 30 ದಿನದೊಳಗೆ ಅಳಿಸಬೇಕು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಬರೀ ಮೀಟರ್ ಓದಿದರೆ ಗಡಿಯಾಚೆ ಓಡಿದ್ದಕ್ಕೂ, ಸ್ವಂತ ಜಮೀನಿನೊಳಗೆ ಓಡಿದ್ದಕ್ಕೂ ಕಟ್ಟಬೇಕಾಗುತ್ತದೆ. ಬಹುತೇಕರಿಗೆ ಆ ನಷ್ಟ ಚಿಕ್ಕದು. ಗಡಿಯಲ್ಲಿ ಇರುವವರಿಗೆ ಚಿಕ್ಕದಲ್ಲ. ಅವರಿಗೆ ಮರುಪಾವತಿಯ ದಾರಿ ಇರಬೇಕು.

ಎರಡನೆಯದು, ಹಳ್ಳಿಯವರಿಗೆ ಅನ್ಯಾಯ ಆಗುತ್ತದೆ ಅನ್ನುವ ಮಾತು. ಅವರ ದೂರ ಜಾಸ್ತಿ, ಬಸ್ಸು ಕಡಿಮೆ. ಆದರೆ ಯೋಚಿಸಿ ನೋಡಿ, ದೂರ ಓಡುವವರು ಪೆಟ್ರೋಲ್ ತೆರಿಗೆಯನ್ನು ಈಗಾಗಲೇ ಜಾಸ್ತಿ ಕಟ್ಟುತ್ತಿದ್ದಾರೆ. ಹಳೆಯ, ಮೈಲೇಜ್ ಕಡಿಮೆ ಇರುವ ಗಾಡಿ ಇದ್ದರೆ ಕಿ.ಮೀ. ಲೆಕ್ಕಕ್ಕೆ ಬಂದಾಗ ಅವರ ಹೊರೆ ಇಳಿಯುವ ಸಾಧ್ಯತೆಯೇ ಹೆಚ್ಚು. ಹೊರೆ ಏರುವುದು ಹೊಸ ಹೈಬ್ರಿಡ್, ಹೊಸ ಇವಿ ಇರುವವರಿಗೆ.

ಕಾನೂನಿನ ಕಡೆ ಎಡವಿದವರೂ ಇದ್ದಾರೆ. ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯ 2021ರಲ್ಲಿ ಇವಿಗೆ ಕಿ.ಮೀ.ಗೆ 2.5 ಸೆಂಟ್ ಹಾಕಿತು. ಇಬ್ಬರು ಮಾಲೀಕರು ಕೋರ್ಟಿಗೆ ಹೋದರು. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ನಾಲ್ಕಕ್ಕೆ ಮೂರು ಮತದಿಂದ ಅದನ್ನು ರದ್ದು ಮಾಡಿತು. ಸಂವಿಧಾನದ ಪ್ರಕಾರ ಇಂಥ ತೆರಿಗೆ ಹಾಕುವ ಅಧಿಕಾರ ಕೇಂದ್ರಕ್ಕೆ ಮಾತ್ರ ಅಂತ ತೀರ್ಪು. ಆಸ್ಟ್ರೇಲಿಯದಲ್ಲಿ ರಾಜ್ಯದ ಹೈಕೋರ್ಟ್ ಅಲ್ಲ, ದೇಶದ ಅತ್ಯುನ್ನತ ನ್ಯಾಯಾಲಯದ ಹೆಸರೇ ಹೈಕೋರ್ಟ್. ಹಾಗಾಗಿ ಮೇಲ್ಮನವಿಗೂ ಜಾಗ ಇರಲಿಲ್ಲ.

ಲಾರಿಗಳಿಗೆ ಭಾರ ಮತ್ತು ದೂರ

ಸವೆತದ ದೊಡ್ಡ ಲೆಕ್ಕ ಇರುವುದು ಇಲ್ಲಿ. ಸ್ವಿಟ್ಜರ್ಲೆಂಡ್ 2001ರಿಂದ 3.5 ಟನ್ ಮೀರಿದ ಸರಕು ವಾಹನಗಳಿಗೆ ಭಾರ, ದೂರ, ಹೊಗೆಯ ಮಟ್ಟ ಮೂರನ್ನೂ ಸೇರಿಸಿ ಶುಲ್ಕ ಹಾಕುತ್ತಿದೆ. ಹೆದ್ದಾರಿಗೆ ಮಾತ್ರ ಅಲ್ಲ, ದೇಶದ ಎಲ್ಲ ರಸ್ತೆಗೂ. ಜರ್ಮನಿಯದು ಉಪಗ್ರಹ ಆಧಾರಿತ ಟೋಲ್. 2003ರಲ್ಲಿ ಬರಬೇಕಾಗಿದ್ದು ತಾಂತ್ರಿಕ ತೊಂದರೆಯಿಂದ 2005ಕ್ಕೆ ಬಂತು. ಮೊದಲು 12 ಟನ್ ಮತ್ತು ಮೇಲಿನ ಲಾರಿಗಳಿಗೆ ಇದ್ದದ್ದು 2024ರ ಜುಲೈಯಿಂದ 3.5 ಟನ್ ಮೀರಿದವಕ್ಕೂ ಬಂದಿದೆ.

ಲಾರಿಯ ಓಡಾಟ ವ್ಯಾಪಾರದ ವಿಷಯ. ಅದರಲ್ಲಿ ಜಿಪಿಎಸ್ ಇಡುವುದು ಮನೆಯವರ ಕಾರಿಗೆ ಇಟ್ಟಂತಲ್ಲ. ಎಲ್ಲ ಕಾರುಗಳ ಬದಲು ಲಾರಿಗಳನ್ನು ಮಾತ್ರ ಲೆಕ್ಕ ಇಟ್ಟರೆ ಸಾಧನದ ಖರ್ಚೂ ಹೊರಬಲ್ಲಷ್ಟು ಇರುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಶುಲ್ಕವನ್ನು ಆಕ್ಸೆಲ್ ಭಾರಕ್ಕೆ ಕಟ್ಟಿದರೆ, ಅದೇ ಸರಕನ್ನು ಜಾಸ್ತಿ ಆಕ್ಸೆಲ್ ಇರುವ ಲಾರಿಯಲ್ಲಿ ಸಾಗಿಸುವುದು ಅಗ್ಗ ಆಗುತ್ತದೆ. ಭಾರ ಹಂಚಿಹೋಗಿ ರಸ್ತೆ ಉಳಿಯುತ್ತದೆ. ಶುಲ್ಕದ ಒಂದಿಷ್ಟು ಸರಕಿನ ಬೆಲೆಗೆ ಸೇರಿ ನಮ್ಮ ಮನೆಗೇ ಬರುತ್ತದೆ. ಬರಲಿ. ಈಗಲೂ ಆ ಖರ್ಚನ್ನು ನಾವೇ ಗುಂಡಿಗಳ ರೂಪದಲ್ಲಿ ಕೊಡುತ್ತಿದ್ದೇವೆ.

ಉಳಿದ ದಾರಿಗಳು, ಚುಟುಕಾಗಿ

ಟೋಲ್ ದೊಡ್ಡ ಹೆದ್ದಾರಿಗೆ, ಸೇತುವೆಗೆ, ಸುರಂಗಕ್ಕೆ ಸರಿ. ಊರೊಳಗಿನ ಸಾವಿರಾರು ಬೀದಿಗೆ ಗೇಟು ಹಾಕಲು ಆಗುವುದಿಲ್ಲ. ಟೋಲ್ ತಪ್ಪಿಸಲು ಲಾರಿಗಳು ಸಣ್ಣ ರಸ್ತೆಗೆ ನುಗ್ಗಿ ಅದನ್ನೂ ಹಾಳು ಮಾಡುವ ಅಪಾಯ ಇದೆ.

ಟೈರ್ ಮೇಲೆ ತೆರಿಗೆ ಹಾಕೋಣ ಅನ್ನುವವರೂ ಇದ್ದಾರೆ. ದೂರ, ಭಾರ ಎರಡನ್ನೂ ಟೈರ್ ತೋರಿಸುತ್ತದೆ, ನಿಜ. ಆದರೆ ಟೈರ್ ದುಬಾರಿಯಾದಷ್ಟೂ ಜನ ಸವೆದ ಟೈರಿನಲ್ಲೇ ಓಡಿಸುತ್ತಾರೆ. ಮಳೆಯಲ್ಲಿ ಬ್ರೇಕ್ ಹಿಡಿಯದೆ ಜೀವ ಹೋಗುತ್ತದೆ. ಬೇಡವೇ ಬೇಡ.

ಇನ್ನು ಸಾಮಾನ್ಯ ಖಜಾನೆ. ಕಾರೇ ಇಲ್ಲದವರಿಗೂ ಆಂಬುಲೆನ್ಸ್ ಬರುವುದು, ಅಕ್ಕಿ ಬರುವುದು ರಸ್ತೆಯಿಂದಲೇ. ಹಾಗಾಗಿ ಊರಿನ ಬೀದಿ, ಕಾಲುದಾರಿಗಳ ಖರ್ಚಿನಲ್ಲಿ ಒಂದು ಪಾಲು ಖಜಾನೆಯಿಂದ ಬಂದರೆ ತಪ್ಪಿಲ್ಲ. ಪೂರ್ತಿ ಅದನ್ನೇ ನಂಬಿದರೆ ಕಷ್ಟ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ನಿರ್ವಹಣೆಗೆ. ಈ ವರ್ಷ ಬಿರುಕು ಮುಚ್ಚದಿದ್ದರೆ ಈ ವರ್ಷ ಏನೂ ಕಾಣುವುದಿಲ್ಲ. ಕೆಲವು ಮಳೆಗಾಲ ಕಳೆದ ಮೇಲೆ ತಳದಿಂದಲೇ ಅಗೆದು ಕಟ್ಟಬೇಕಾಗುತ್ತದೆ.

ನಾನಾದರೆ ಯಾವುದನ್ನು ಆರಿಸುತ್ತೇನೆ

ಭಾರದ ಗಾಡಿಗಳಿಗೆ ಆಕ್ಸೆಲ್ ಭಾರ ಮತ್ತು ದೂರದ ಶುಲ್ಕ, ಇಂಧನ ಯಾವುದೇ ಇರಲಿ. ಇದು ಮೊದಲು ಆಗಬೇಕು. ಕಾರುಗಳಿಗೆ ಎಲ್ಲರಿಗೂ ಒಂದೇ ಥರದ ಕಿ.ಮೀ. ಶುಲ್ಕ, ಮೀಟರ್ ಓದಿ, ತಿಂಗಳ ಕಂತಿನಲ್ಲಿ. ಅದರ ಜೊತೆ ಚಿಕ್ಕದೊಂದು ವಾರ್ಷಿಕ ಶುಲ್ಕ. ಪೆಟ್ರೋಲ್ ತೆರಿಗೆಯಲ್ಲಿ ರಸ್ತೆಯ ಪಾಲನ್ನು ತೆಗೆಯಬಹುದು, ಹೊಗೆಯ ಪಾಲನ್ನು ಉಳಿಸಬೇಕು. ಇದನ್ನು ಮರೆತು ಪೆಟ್ರೋಲ್ ತೆರಿಗೆ ಪೂರ್ತಿ ಎತ್ತಿಬಿಟ್ಟರೆ, ಗಾಳಿ ಕೆಡಿಸುವ ಗಾಡಿ ಅಗ್ಗವಾಗುತ್ತದೆ.

ವಾಹನ ತಪಾಸಣೆಯ ಪದ್ಧತಿಯೇ ಇಲ್ಲದ ಕಡೆ, ಮೀಟರ್ ತಿರುಚುವುದು ಮಾಮೂಲಾಗಿರುವ ಕಡೆ ಇದು ನಾಳೆಯೇ ಆಗುವ ಕೆಲಸವಲ್ಲ. ಅಲ್ಲಿ ಲಾರಿಯಿಂದ ಶುರು ಮಾಡಿ, ಕಾರುಗಳಿಗೆ ಕೆಲವು ವರ್ಷ ಸಣ್ಣ ವಾರ್ಷಿಕ ಶುಲ್ಕ ಇಟ್ಟುಕೊಂಡರೆ ಸಾಕು.

ಯಾವಾಗ ಹಾಕಬೇಕು ಅನ್ನುವುದೂ ಮುಖ್ಯ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಹತ್ತಿರ ಹತ್ತಿರ ಒಂಬತ್ತು ಇವಿ. ಅಲ್ಲಿ ಇವಿಗೆ ಪೂರ್ತಿ ವಿನಾಯಿತಿ ಕೊಡಲು ಕಾರಣ ಉಳಿದಿಲ್ಲ. ನೂರಕ್ಕೆ ಎರಡು ಮೂರು ಇವಿ ಇರುವ ಕಡೆ ಶುಲ್ಕದಿಂದ ಸಿಗುವ ದುಡ್ಡೂ ಅಷ್ಟಕ್ಕಷ್ಟೇ, ಕೊಳ್ಳುವವರು ಹಿಂಜರಿಯುವ ನಷ್ಟ ಬೇರೆ. ನ್ಯೂಜಿಲೆಂಡಿನಲ್ಲಿ ಖರೀದಿ ರಿಯಾಯಿತಿ 2023ರ ಕೊನೆಗೆ ನಿಂತಿತು, ಮೂರೇ ತಿಂಗಳಿಗೆ ಕಿ.ಮೀ. ಶುಲ್ಕ ಬಂತು. ಆ ವರ್ಷ ಇವಿ ಮಾರಾಟ ಜೋರಾಗಿ ಕುಸಿಯಿತು. ಎರಡು ಪೆಟ್ಟನ್ನು ಒಟ್ಟಿಗೆ ಕೊಡಬಾರದಿತ್ತು. ದರವನ್ನು ಮೂರ್ನಾಲ್ಕು ವರ್ಷ ಮೊದಲೇ ಹೇಳಿ, ಚಿಕ್ಕದಾಗಿ ಶುರು ಮಾಡಿ, ವರ್ಷ ವರ್ಷ ಸ್ವಲ್ಪ ಏರಿಸಿದರೆ ಕಾರು ಕೊಳ್ಳುವವರು ಲೆಕ್ಕ ಹಾಕಿಕೊಂಡೇ ಕೊಳ್ಳುತ್ತಾರೆ. ಬೆಲೆ ಏರಿಕೆಗೆ ತಕ್ಕಂತೆ ದರ ತಾನಾಗಿ ಏರುವ ನಿಯಮವೂ ಕಾನೂನಿನಲ್ಲೇ ಇರಲಿ, ಇಲ್ಲದಿದ್ದರೆ 1993ರ ಕಥೆ ಮರುಕಳಿಸುತ್ತದೆ.

ನೀವಿರುವ ಕಡೆ ಇಂಥ ಪ್ರಸ್ತಾವ ಬಂದರೆ ಕೆಲವು ಪ್ರಶ್ನೆ ಕೇಳಿ. ದುಡ್ಡು ಹೋಗುವುದು ರಸ್ತೆ ನಿಧಿಗೋ, ಎಲ್ಲದರ ಜೊತೆ ಬೆರೆಯುತ್ತದೋ? ನಿರ್ವಹಣೆಗೆ ಎಷ್ಟು, ಹೊಸ ರಸ್ತೆಗೆ ಎಷ್ಟು? ನೂರು ರೂಪಾಯಿ ವಸೂಲಿ ಮಾಡಲು ಎಷ್ಟು ಖರ್ಚು? ಅಂಗವಿಕಲರ ಗಾಡಿಗೆ ಏನು ಅನುಕೂಲ? ಕಟ್ಟಲು ತಡವಾದರೆ ದಂಡ ಎಷ್ಟು, ಗಾಡಿ ಎತ್ತಿಕೊಂಡು ಹೋಗುತ್ತಾರಾ? ಹಳೆಯ ಗಾಡಿ ಕೈ ಬದಲಾಯಿಸಿದಾಗ ಹಿಂದಿನ ಮಾಲೀಕರು ಕಟ್ಟದ ಕಿಲೋಮೀಟರ್ ಬಾಕಿ ಯಾರ ತಲೆಗೆ? ಕೊನೆಯದನ್ನು ಬಿಡಲೇಬೇಡಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಹೆಚ್ಚಾಗಿ ಕೈ ಬಿಗಿ ಇರುವವರು. ಮಾರಾಟದ ದಿನವೇ ಮೀಟರ್ ಓದಿ, ಬಾಕಿ ಕಟ್ಟಿದ ರಸೀದಿ ಇದ್ದರೆ ಮಾತ್ರ ಹೆಸರು ಬದಲಾವಣೆ ಅನ್ನುವ ಒಂದು ಸಾಲು ನಿಯಮದಲ್ಲಿ ಇರಬೇಕು.